ಎರಡು ನಲವತ್ತಮೂರು

ಪಾಂಡವಪುರದಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಆ ಸಣ್ಣ ಕೋಣೆಯನ್ನು ಲ್ಯಾಬು ಅಂತಲೇ ತೋರಿಸುತ್ತಿದ್ದರು. ನಿಜ ಹೇಳಬೇಕೆಂದರೆ ಅಲ್ಲಿ ಲ್ಯಾಬು ಇರಲಿಲ್ಲ. ರಕ್ತ ಕೊಡುವವರಿಗೆ ಒಂದು ಕುರ್ಚಿ, ಕುರ್ಚಿಗೆ ಮರೆಯಾಗಿ ಹಸಿರು ಪರದೆ, ಪರದೆಯ ಈಚೆ ಒಂದು ಕಂಪ್ಯೂಟರು, ಕಂಪ್ಯೂಟರಿನ ಮುಂದೆ ರಂಜಿತ. ಪರೀಕ್ಷೆ ಮಾಡುವ ಮಿಷನ್ನುಗಳೆಲ್ಲ ಶ್ರೀರಂಗಪಟ್ಟಣದಲ್ಲಿದ್ದವು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮೂರೂ ಊರಿನ ಕೋಣೆಗಳಿಂದ ರಕ್ತದ ಟ್ಯೂಬುಗಳು ಐಸಿಟ್ಟ ಡಬ್ಬಗಳಲ್ಲಿ ಕೂತು, ಬಸ್ಸಿನ ಕಂಡಕ್ಟರ ಕಾಲಬುಡದಲ್ಲಿ ಜಾಗ ಹಿಡಿದು ಅಲ್ಲಿಗೆ ಹೋಗುತ್ತಿದ್ದವು.

ರಂಜಿತ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವ್ವ ಹಾಸಿಗೆ ಹಿಡಿದಾಗ ಮನೆಯಲ್ಲಿ ಒಲೆ ಹಚ್ಚುವವರು ಬೇಕಾಗಿತ್ತು. ಅವ್ವ ಹೋದ ಮೇಲೆ ಮತ್ತೆ ಶಾಲೆಗೆ ಹೋಗು ಎಂದು ಯಾರೂ ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಕೇಳುವುದೇ ಅವಳಿಗೆ ಕಷ್ಟ. ಮಾತು ಗಂಟಲವರೆಗೆ ಬಂದು, ಎದುರಿಗಿದ್ದವರ ಮುಖ ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿಬಿಡುತ್ತಿತ್ತು. ಬಾಯಿ ಮಾಡದ ಕೆಲಸವನ್ನು ಕಣ್ಣು ಮಾಡುತ್ತಿತ್ತು. ಯಾರು ಇಡ್ಲಿ ತಿಂದು ಬಂದು ಖಾಲಿ ಹೊಟ್ಟೆ ಎಂದು ಸುಳ್ಳು ಹೇಳುತ್ತಾರೆ, ಸೂಜಿ ಕಂಡರೆ ಯಾರು ಗೋಡೆ ಕಡೆ ತಿರುಗುತ್ತಾರೆ, ಬಿಲ್ಲಿನ ಮೊತ್ತ ಕೇಳಿ ಯಾರು ಒಂದು ಪರೀಕ್ಷೆಯನ್ನು ಬಿಡಿಸಿಬಿಡುತ್ತಾರೆ, ಎಲ್ಲ ಅವಳಿಗೆ ಕಾಣುತ್ತಿತ್ತು.

ರಕ್ತ ತೆಗೆಯುವವಳು ಸಿದ್ದಲಿಂಗಮ್ಮ. ಐವತ್ತು ದಾಟಿದ ಹೆಂಗಸು, ಇಪ್ಪತ್ತಾರು ವರ್ಷದಿಂದ ಸೂಜಿ ಹಿಡಿದವಳು. ಎಂಥ ಬತ್ತಿದ ಕೈಯಲ್ಲೂ ನರ ಹುಡುಕಿಬಿಡುತ್ತಿದ್ದಳು. ಅವಳದ್ದೊಂದು ಕಟ್ಟುನಿಟ್ಟು: ಟ್ಯೂಬಿನ ಸಣ್ಣ ಚೀಟಿಯಲ್ಲಿ ಹೆಸರಿಗೆ ಜಾಗವಿರಲಿಲ್ಲ, ಆದರೆ ನಂಬರು ಬರೆಯದೆ ಸೂಜಿ ಚುಚ್ಚುತ್ತಿರಲಿಲ್ಲ.

“ಗುರ್ತಿಲ್ದ ರಕ್ತ ಮಡಗಬಾರ್ದು ಕಣವ್ವ,” ಎನ್ನುತ್ತಿದ್ದಳು. “ಒಂದ್ಸಲ ಕೈಯಿಂದ ಈಚೆಗೆ ಬಂತು ಅಂದ್ರೆ ಅದು ಯಾರ್ದೋ ಏನೋ. ಮದ್ಲು ನಂಬ್ರ, ಆಮ್ಯಾಕೆ ರಕ್ತ.”

ಬಿಲ್ಲು ಪುಸ್ತಕದ ಕಾಲದಲ್ಲಿ ಈ ಕ್ರಮದಲ್ಲಿ ಏನೂ ತೊಡಕಿರಲಿಲ್ಲ. ಆಗ ಒಂದೊಂದು ಊರಿಗೂ ಒಂದೊಂದು ಪುಸ್ತಕ. ಹಾಳೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ನಂಬರು ಮೊದಲೇ ಅಚ್ಚಾಗಿರುತ್ತಿತ್ತು. ಹಾಳೆ ನಿಮ್ಮ ಕೈಯಲ್ಲಿದ್ದರೆ ನಂಬರೂ ನಿಮ್ಮದೇ. ಬಿಲ್ಲು ಬರೆಯುವ ಮೊದಲೇ ಟ್ಯೂಬಿಗೆ ಬರೆದರೂ ಅದನ್ನು ಇನ್ನೊಬ್ಬರು ಕಿತ್ತುಕೊಳ್ಳುವ ಹಾಗಿರಲಿಲ್ಲ.

ಕಳೆದ ಏಪ್ರಿಲ್ಲಿನಲ್ಲಿ ಲ್ಯಾಬಿನ ಯಜಮಾನ ಸಂತೋಷ್ ಪುಸ್ತಕಗಳನ್ನೆಲ್ಲ ಕಟ್ಟಿಸಿ ಅಟ್ಟಕ್ಕೆ ಹಾಕಿಸಿದ. ನಾಲ್ಕು ಊರಿಗೂ ಒಂದೇ ಕಂಪ್ಯೂಟರ್ ವ್ಯವಸ್ಥೆ ಬಂತು. ಒಂದು ಸಂಸ್ಥೆ ಎಂದ ಮೇಲೆ ಬಿಲ್ಲಿನ ನಂಬರೂ ಒಂದೇ ಸಾಲಿನಲ್ಲಿರಬೇಕು, ನಡುವೆ ಒಂದೂ ಬಿಟ್ಟುಹೋಗಬಾರದು, ಒಂದೂ ಎರಡು ಸಲ ಬರಬಾರದು ಎಂದು ಆಡಿಟರು ಹೇಳಿದ್ದರಂತೆ. ಬೆಳಗೊಳದ ನಾಗಾರ್ಜುನ ಎಂಬ ಹುಡುಗ ಅದನ್ನು ಬರೆದುಕೊಟ್ಟಿದ್ದ. ಹೊಸ ಬಿಲ್ಲು ಎಂದು ಒತ್ತಿದರೆ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಮುಂದಿನ ನಂಬರು ಮೂಡುತ್ತಿತ್ತು. ನೋಡಲು ಥೇಟು ಬಿಲ್ಲು ಪುಸ್ತಕದ ಹಾಗೆಯೇ, ಕೆಂಪು ಬಣ್ಣದಲ್ಲಿ.

ಆದರೆ ಅದು ಪುಸ್ತಕವಲ್ಲ ಎಂಬುದು ರಂಜಿತಳಿಗೆ ಎರಡನೇ ವಾರಕ್ಕೇ ತಿಳಿಯಿತು. ಇಲ್ಲಿ ಹೊಸ ಬಿಲ್ಲು ತೆರೆದ ಹೊತ್ತಿಗೇ ಕೆ.ಆರ್. ಪೇಟೆಯಲ್ಲೂ ತೆರೆದರೆ ಎರಡೂ ಕಡೆ ಒಂದೇ ನಂಬರು ಕಾಣುತ್ತಿತ್ತು. ಯಾರು ಮೊದಲು ಸೇವ್ ಒತ್ತುತ್ತಾರೋ ನಂಬರು ಅವರಿಗೆ. ಹಿಂದೆ ಬಿದ್ದವರಿಗೆ ಅದರ ಮುಂದಿನದು. ಕಂಪ್ಯೂಟರು ಇದನ್ನು ಕೂಗಿ ಹೇಳುತ್ತಿರಲಿಲ್ಲ. ಸದ್ದಿಲ್ಲದೆ ನಂಬರು ಬದಲಿಸಿ, ಬದಲಾದದ್ದನ್ನೇ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಅಷ್ಟರಲ್ಲಿ ಹಸಿರು ಪರದೆಯ ಆಚೆಯಿಂದ ಸಿದ್ದಲಿಂಗಮ್ಮ “ನಂಬ್ರ ಯೋಳವ್ವ” ಎಂದು ಕೂಗಿ, ಇವಳು ಹೇಳಿ, ಟ್ಯೂಬಿನ ಮೇಲೆ ಹಳೇ ನಂಬರು ಬಿದ್ದಾಗಿರುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ನಾಗಾರ್ಜುನನಿಗೆ ಫೋನು ಮಾಡಿದ್ದಳು.

“ಎರಡ್ ಕಡೆ ಒಟ್ಗೆ ತೆಗುದ್ರೆ ಅಂಗಾಯ್ತದೆ ಮೇಡಂ,” ಎಂದಿದ್ದ. “ಬಿಲ್ಲಿಗೇನೂ ತೊಂದ್ರೆ ಇಲ್ಲ. ಸೇವ್ ಆದ್ಮೇಲೆ ಬರೋದೇ ಅಸ್ಲಿ ನಂಬರ್ರು. ಮೊದ್ಲು ಕಾಣ್ಸೋದು ಸುಮ್ನೆ ನೋಡಕ್ಕೆ.”

ಸುಮ್ಮನೆ ನೋಡಲು ಇಟ್ಟ ನಂಬರನ್ನು ಟ್ಯೂಬಿನ ಮೇಲೆ ಬರೆಯುತ್ತಿದ್ದೇವೆ ಎಂದು ಹೇಳಬೇಕೆಂದುಕೊಂಡಳು. ಅವನು ಆಗಲೇ ಫೋನು ಇಟ್ಟಿದ್ದ. ಅಂದಿನಿಂದ ಅವಳೇ ಬಿಲ್ಲು ಅಚ್ಚಾದ ಕೂಡಲೇ ಎದ್ದುಹೋಗಿ ಟ್ಯೂಬಿಗೆ ಹಿಡಿದು ನೋಡುತ್ತಿದ್ದಳು. ವಾರಕ್ಕೆ ಒಂದೋ ಎರಡೋ ತಪ್ಪಿರುತ್ತಿತ್ತು. ಸಿದ್ದಲಿಂಗಮ್ಮ ಹೊಡೆದು ತಿದ್ದುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಏಳಕ್ಕೇ ಹನ್ನೆರಡು ಜನ ಬಾಗಿಲಲ್ಲಿದ್ದರು. ಅವರಲ್ಲಿ ತೊಣ್ಣೂರಿನ ದ್ಯಾವಮ್ಮನೂ ಒಬ್ಬಳು. ಅರವತ್ತರ ಹೆಂಗಸು. ಪಾದ ಊದಿ ಚಪ್ಪಲಿ ಹಿಡಿಯದೆ, ಅವುಗಳನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಡಾಕ್ಟರು ಕಿಡ್ನಿ ಪರೀಕ್ಷೆ ಬರೆದುಕೊಟ್ಟಿದ್ದರು.

“ಫೋನ್ ನಂಬರ್ ಯೋಳಿ ಅಮ್ಮ.”

“ಅದ್ಯಾಕವ್ವ? ರಕ್ತ ಇರಾದು ಫೋನಲ್ಲಾ?”

“ಇಲ್ದಿದ್ರೆ ಕಂಪ್ಯೂಟ್ರು ಮುಂದಕ್ಕೆ ಓಗಲ್ಲ.”

“ಅಂಗಾದ್ರೆ ಅದುಕ್ಕೆ ಯೋಳು, ದ್ಯಾವಮ್ಮ ಕರೆದ್ರೆ ನಡ್ಕೊಂಡೇ ಬತ್ತಾಳೆ, ಫೋನ್ಗೀನು ಮಡಗಿಲ್ಲ ಅಂತ.”

ಸಾಲಿನಲ್ಲಿದ್ದವರು ನಕ್ಕರು. ರಂಜಿತಳಿಗೂ ನಗು ಬಂತು. ಫೋನಿಲ್ಲದವರು ಬಂದಾಗ ಯಾವಾಗಲೂ ಮಾಡುತ್ತಿದ್ದಂತೆ ಕೌಂಟರಿನ ಫೋನಿನ ನಂಬರನ್ನೇ ಅಲ್ಲಿ ತುಂಬಿದಳು. ಮೂಲೆಯಲ್ಲಿ ಹದಿನೆಂಟು ಸಾವಿರದ ಇನ್ನೂರ ನಲವತ್ತಮೂರು ಎಂದಿತ್ತು. ಪರದೆಯ ಆಚೆಗೆ ಕೂಗಿದಳು. ಸಿದ್ದಲಿಂಗಮ್ಮ ಬರೆದಳು, ರಕ್ತ ತೆಗೆದಳು. ಇವಳು ಸೇವ್ ಒತ್ತಿದಳು. ಬಿಲ್ಲು ಅಚ್ಚಾಗಿ ಬಂತು. ಅದನ್ನು ಹಿಡಿದು ಏಳಬೇಕು, ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ನಿಂತಿದ್ದ ಒಬ್ಬ ಗಂಡಸು ಕಣ್ಣು ಮೇಲೆ ಮಾಡಿಕೊಂಡು ಧೊಪ್ಪನೆ ಬಿದ್ದ. ಉಪವಾಸ ಬಂದವನು, ಪರದೆಯ ಸಂದಿಯಲ್ಲಿ ಬೇರೆಯವರ ರಕ್ತ ನೋಡಿ ತಲೆ ತಿರುಗಿತ್ತು. ನೀರು, ಸಕ್ಕರೆ, ಗಾಳಿ ಎಂದು ಎಲ್ಲರೂ ಓಡಾಡಿದರು. ಅವನು ಎದ್ದು ಕೂತು, “ನಾನೇನೂ ಎದರ್ಕೊಂಡಿಲ್ಲ, ಕಾಲು ಜಾರ್ತು,” ಎನ್ನುವ ಹೊತ್ತಿಗೆ ದ್ಯಾವಮ್ಮ ಬಿಲ್ಲು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿಯಾಗಿತ್ತು. ಅವಳ ಟ್ಯೂಬು ಡಬ್ಬ ಸೇರಿತ್ತು. ಬಿಲ್ಲಿನ ಮೇಲೆ ನಲವತ್ತನಾಲ್ಕು ಇದ್ದುದನ್ನು ಆ ದಿನ ಯಾರೂ ನೋಡಲಿಲ್ಲ.

ಕೆ.ಆರ್. ಪೇಟೆಯ ಡಬ್ಬ ಹೊತ್ತು ಬಂದ ಬಸ್ಸಿಗೇ ಪಾಂಡವಪುರದ ಡಬ್ಬವನ್ನೂ ಏರಿಸುವುದು ರೂಢಿ. ಎರಡೂ ಒಟ್ಟಿಗೆ ಶ್ರೀರಂಗಪಟ್ಟಣ ಮುಟ್ಟಿದವು. ಹನ್ನೊಂದೂವರೆಗೆ ಅಲ್ಲಿನ ಟೆಕ್ನಿಷಿಯನ್ ಅಶೋಕ್ ಫೋನು ಮಾಡಿದ. ತಿಂಡಿಯಾದ ಮೇಲಿನ ಸಕ್ಕರೆ ಪರೀಕ್ಷೆಗೆ ಮತ್ತೆ ಬಂದವರು ಏಳು ಜನ ಆಗ ರಂಜಿತಳ ಮುಂದೆ ನಿಂತಿದ್ದರು.

“ಇಲ್ಲಿ ಎರಡು ನಲವತ್ತಮೂರು ಅವೆ ಕಣವ್ವ, ನಲವತ್ನಾಕು ಇಲ್ವೇ ಇಲ್ಲ. ದ್ಯಾವಮ್ಮ ಅನ್ನೋದು ನಿನ್ ಬಿಲ್ನಲ್ಲಿ ಯಾವ್ದು?”

ರಂಜಿತ ಕಂಪ್ಯೂಟರು ನೋಡಿದಳು. “ನಲವತ್ನಾಕು ಸಾರ್.”

“ಅಂಗಾದ್ರೆ ಇವೆಲ್ಡರಲ್ಲಿ ಒಂದು ನಿಮ್ದು. ನಾನು ಎಲ್ಡು ಡಬ್ಬಾನೂ ಒಟ್ಗೆ ಸುರ್ಕೊಂಬುಟ್ಟೆ. ನಿಮ್ ಡಬ್ಬ ಮೇಲಿತ್ತು, ಮೇಲಿನ್ದೇ ನಿಮ್ದಿರಬೇಕು. ಅದುಕ್ಕೇ ನಲವತ್ನಾಕು ಅಂತ ತಿದ್ದಿ ಆಕ್ತೀನಿ, ಬುಡು.”

ಸಿದ್ದಲಿಂಗಮ್ಮ ನಾಲ್ಕನ್ನು ತಲೆ ಮುಚ್ಚದೆ ಬರೆಯುತ್ತಾಳೆ, ಕುರ್ಚಿಯನ್ನು ತಲೆಕೆಳಗು ಮಾಡಿ ಇಟ್ಟ ಹಾಗೆ. ಕೆ.ಆರ್. ಪೇಟೆಯವರದು ಅಚ್ಚಿನ ನಾಲ್ಕು, ತಲೆ ಮುಚ್ಚಿರುತ್ತದೆ. ಶ್ರೀರಂಗಪಟ್ಟಣಕ್ಕೆ ಹೋದಾಗಲೆಲ್ಲ ರಂಜಿತ ನೋಡಿದ್ದಳು. ಇದನ್ನು ಹೇಳಿದ್ದರೆ ಸಾಕಿತ್ತು. ನಾಲ್ಕು ನೋಡಿ ಸಾರ್ ಎಂಬ ಮೂರು ಮಾತು. ನಾಲಗೆಯ ತುದಿಗೂ ಬಂದಿತ್ತು.

“ಏನವ್ವ, ಫೋನಲ್ಲೇ ಮನೆ ಮಾಡ್ಕಬುಟ್ಟೆ?” ಮುಂದೆ ನಿಂತಿದ್ದವನು ಕೌಂಟರ್ ಕುಟ್ಟಿದ. “ನೀನು ಮಾತಾಡಿ ಮುಗಿಸಾ ಒತ್ಗೆ ನನ್ ಸಕ್ರೆ ತಾನಾಗೇ ಇಳ್ದೋಯ್ತದೆ.”

ದೊಡ್ಡ ಲ್ಯಾಬಿನವರಿಗೆ ತಾನೇನು ಹೇಳಿಕೊಡುವುದು ಎಂದೂ ಅನಿಸಿತು. ಅವರಿಗೆ ಗೊತ್ತಿರುತ್ತದೆ ಎಂದೂ ಅನಿಸಿತು. ಅಶೋಕ್ ಫೋನಿಟ್ಟ.

ಮಂಗಳವಾರ ಸಂಜೆ ದ್ಯಾವಮ್ಮ ವರದಿಗೆ ಬಂದಳು. ಕಾಗದ ಕೊಡುವವರು ಅದರಲ್ಲಿ ಏನಿದೆ ಎಂದು ಹೇಳಬಾರದು, ಅದು ಡಾಕ್ಟರ ಕೆಲಸ. ಆದರೆ ರಂಜಿತ ನೋಡಿದ್ದಳು. ಸೊನ್ನೆ ಪಾಯಿಂಟ್ ಒಂಬತ್ತು. ಒಂದೂ ಕಾಲರೊಳಗಿದ್ದರೆ ಕಿಡ್ನಿಗೆ ಭಯವಿಲ್ಲ ಎಂದು ಇಷ್ಟು ದಿನದಲ್ಲಿ ಅವಳಿಗೂ ಗೊತ್ತಿತ್ತು. ಮುದುಕಿ ಕಾಗದವನ್ನು ತಲೆಕೆಳಗಾಗಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು.

“ಎಲ್ಲ ಸರ್ಯಾಗದೆ ಅಮ್ಮ,” ರಂಜಿತ ಅಂದುಬಿಟ್ಟಳು.

“ನಿನ್ ಬಾಯ್ಗೆ ಸಕ್ರೆ ಆಕ!” ದ್ಯಾವಮ್ಮ ಕೌಂಟರಿನ ಮೇಲಿಂದ ಕೈಚಾಚಿ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. “ಮಗಳು ಎರಡ್ನೇದು ಎತ್ತವ್ಳೆ ಕಣವ್ವ. ನನ್ನೇ ನಾಕ್ ಜನ ಎತ್ಕೊಂಡು ಓಗಂಗದೆ, ನಾನೇನ್ ಬಾಣಂತನ ಮಾಡಾನೆ ಅಂತ ಕೂತಿದ್ದೆ. ಇನ್ನೇನು, ನಾಳೀಕೇ ಓಯ್ತೀನಿ. ಊತ ಮಂಡಿನೋವಿಂದೇ ಇರಬೇಕು. ಮೆಡಿಕಲ್ಲಲ್ಲಿ ಮಾತ್ರೆ ಕೇಳ್ಕೊಂಡ್ರಾಯ್ತು.”

“ಡಾಕ್ಟ್ರಿಗೆ ತೋರ್ಸಿ ಅಮ್ಮ.”

“ಸರ್ಯಾಗದೆ ಅಂತ ಓದಕ್ಕೆ ಅವ್ರಿಗ್ಯಾಕೆ ಇನ್ನೂರು ರೂಪಾಯಿ? ನೀನೇ ಓದುದ್ಯಲ್ಲ.”

ಶನಿವಾರ ವಾರದ ಬಿಲ್ಲುಗಳ ಕಟ್ಟು ಕೊಡಲು ರಂಜಿತ ಶ್ರೀರಂಗಪಟ್ಟಣಕ್ಕೆ ಹೋದಾಗ ಲ್ಯಾಬಿನ ಹಜಾರದಲ್ಲಿ ಗಲಾಟೆ ನಡೆದಿತ್ತು. ಕೆ.ಆರ್. ಪೇಟೆ ಕಡೆಯ ಮುದ್ದಯ್ಯ ಎಂಬ ಹಿರಿಯರು ಎರಡು ಕಾಗದ ಹಿಡಿದು ಮೇಜು ಗುದ್ದುತ್ತಿದ್ದರು.

“ಕಿಡ್ನಿ ಎಲ್ಡೂ ಓದೋ ಅಂತ ಬರ್ಕೊಟ್ರಲ್ರೀ! ಮೈಸೂರ್ನಲ್ಲಿ ಎರಡ್ಸಲ ನೋಡವ್ರೆ, ಕಲ್ಲಂಗದೆ ಅಂದವ್ರೆ. ನಾಕು ದಿವ್ಸ ನಮ್ಮನೇಲಿ ಒಲೆ ಹಚ್ಚಿಲ್ಲ. ನಮ್ ಭಾವಮೈದ ಆಗ್ಲೇ ಬಂದು ಗದ್ದೆ ಬದ ನೋಡ್ಕೊಂಡು ಓಗವ್ನೆ!”

“ಮಿಷನ್ ಒಂದೊಂದ್ಸಲ ಅಂಗೆ ಯಜಮಾನ್ರೆ, ದುಡ್ಡು ವಾಪಸ್ ಕೊಡ್ತೀನಿ, ಕೂತ್ಕೊಳಿ, ಕಾಫಿ ತರಿಸ್ತೀನಿ,” ಎಂದು ಸಂತೋಷ್ ಸಮಾಧಾನ ಮಾಡುತ್ತಿದ್ದ.

ಮುದ್ದಯ್ಯ ಮೇಜಿನ ಮೇಲೆ ಬಿಸಾಡಿದ ವರದಿ ರಂಜಿತಳ ಕಣ್ಣಿಗೆ ಬಿತ್ತು. ಆರು ಪಾಯಿಂಟ್ ಎಂಟು. ಮೇಲ್ಗಡೆ ನಂಬರು ಹದಿನೆಂಟು ಸಾವಿರದ ಇನ್ನೂರ ನಲವತ್ತಮೂರು.

ಅವಳು ಯಾರನ್ನೂ ಕೇಳಲಿಲ್ಲ. ನೇರ ಒಳಗೆ ಹೋದಳು. ಪರೀಕ್ಷೆ ಮುಗಿದ ಟ್ಯೂಬುಗಳನ್ನು ಏಳು ದಿನ ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆ. ಸೋಮವಾರದ ಸ್ಟ್ಯಾಂಡಿನಲ್ಲಿ ಎರಡೂ ಪಕ್ಕಪಕ್ಕ ನಿಂತಿದ್ದವು. ಅಶೋಕ್ ಕೆಂಪು ಪೆನ್ನಿನಲ್ಲಿ ನಲವತ್ತನಾಲ್ಕು ಎಂದು ತಿದ್ದಿದ್ದ ಟ್ಯೂಬಿನ ಮೇಲೆ ತಲೆ ಮುಚ್ಚಿದ ನಾಲ್ಕು. ತಿದ್ದದೆ ಬಿಟ್ಟ ನಲವತ್ತಮೂರರ ಮೇಲೆ ತಲೆಕೆಳಗಾದ ಕುರ್ಚಿ.

“ಅಶೋಕ್ ಸಾರ್,” ಎಂದಳು. “ಇದು ನಮ್ದು. ಇದು ಸಿದ್ದಲಿಂಗಕ್ಕನ ಬರವಣಿಗೆ.”

ಅಶೋಕ್ ಎರಡನ್ನೂ ಬೆಳಕಿಗೆ ಹಿಡಿದ. ಆಮೇಲೆ ಕೂತುಬಿಟ್ಟ.

ಮುದ್ದಯ್ಯ ಹೋದ ಮೇಲೆ ಸಂತೋಷ್ ಕಂಪ್ಯೂಟರು ತೆರೆದು ಆ ದಿನದ ಬಿಲ್ಲುಗಳನ್ನು ಒಂದೊಂದಾಗಿ ನೋಡಿದ. ನಲವತ್ತೆರಡು, ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಒಂದರ ಹಿಂದೆ ಒಂದು, ಹೂ ಪೋಣಿಸಿದ ಹಾಗೆ. ಒಂದೂ ಬಿಟ್ಟುಹೋಗಿರಲಿಲ್ಲ, ಒಂದೂ ಎರಡು ಸಲ ಬಂದಿರಲಿಲ್ಲ.

“ಇದ್ರಲ್ಲೇನೂ ತಪ್ಪಿಲ್ವಲ್ಲ,” ಎಂದ, ಅವರಿಗೋ ತನಗೋ ತಿಳಿಯದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, “ನಾನು ನೋಡ್ಕೊತೀನಿ. ಸರಿಯಾದ ರಿಪೋರ್ಟು ಆಯಮ್ಮಂಗೆ ಕಳಿಸ್ತೀನಿ. ನೀನು ಓಗವ್ವ. ಹೊರಗೆಲ್ಲೂ ಬಾಯ್ಬಿಡ್ಬೇಡ, ನಾಕೂರಲ್ಲಿ ಹೆಸ್ರು ಓಯ್ತದೆ.”

ಆಯಮ್ಮ ಮಗಳ ಮನೆಗೆ ಹೋಗಿದ್ದಾಳೆ ಎಂದು ಹೇಳಲು ರಂಜಿತ ಬಾಯಿ ತೆರೆದಳು. ಯಜಮಾನನ ಫೋನು ಬಡಿದುಕೊಂಡಿತು, ಅವನು ಕೈಸನ್ನೆಯಲ್ಲೇ ಹೋಗು ಎಂದ. ಹೋದಳು. ನೋಡ್ಕೊತೀನಿ ಎಂದರಲ್ಲ, ಹೇಗಾದರೂ ಹುಡುಕಿಸುತ್ತಾರೆ ಎಂದುಕೊಂಡಳು. ಭಾನುವಾರವಿಡೀ ಬಟ್ಟೆ ಒಗೆಯುತ್ತ, ಅನ್ನ ಬಸಿಯುತ್ತ ಅದನ್ನೇ ಅಂದುಕೊಂಡಳು.

ಸೋಮವಾರ ಹತ್ತು ಗಂಟೆಗೆ ಕೌಂಟರಿನ ಫೋನು ಟಿಂಗ್ ಎಂದಿತು. ತೆಗೆದು ನೋಡಿದಳು. ದ್ಯಾವಮ್ಮ, ಅರವತ್ತು ವರ್ಷ, ತೊಣ್ಣೂರು. ತಿದ್ದಿದ ವರದಿ. ಆರು ಪಾಯಿಂಟ್ ಎಂಟು. ದಯವಿಟ್ಟು ನಿಮ್ಮ ವೈದ್ಯರನ್ನು ಕೂಡಲೇ ಕಾಣಿ.

ಯಜಮಾನ ಕಳಿಸಿದ್ದ. ಬಿಲ್ಲಿನಲ್ಲಿದ್ದ ನಂಬರಿಗೆ ಕಳಿಸಿದ್ದ. ಬಿಲ್ಲಿನಲ್ಲಿದ್ದದ್ದು ಇದೇ ಫೋನು.

ಕೂಡಲೇ ಅವನಿಗೆ ಕರೆ ಮಾಡಿದಳು. “ಸಾರ್, ದ್ಯಾವಮ್ಮಂದು ಇಲ್ಗೇ ಬಂತು. ಆಯಮ್ಮಂಗೆ ಫೋನಿಲ್ಲ. ನಾನೇ ಕೌಂಟರ್ ನಂಬರ್ ಆಕಿದ್ದೆ.”

“ಸಂಜೆ ನೋಡನ. ಆಡಿಟರು ಮುಂದೆ ಕೂತವ್ರೆ,” ಎಂದು ಇಟ್ಟ.

ಪರದೆ ಸರಿಸಿ ಸಿದ್ದಲಿಂಗಮ್ಮ ಈಚೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಓಗು.”

“ಬಿಲ್ಲು ಯಾರಾಕ್ತಾರೆ ಅಕ್ಕ?”

“ಬಿಲ್ಲಿನ್ ಮನೆ ಆಳಾಗ. ಓಗು ಅಂದ್ನಲ್ಲ.” ಆಮೇಲೆ ಕುರ್ಚಿಯ ತೋಳು ಹಿಡಿದುಕೊಂಡು, “ಇಪ್ಪತ್ತಾರು ವರ್ಸದಿಂದ ಮಾಡಿದ್ದೇ ಮಾಡ್ದೆ ಕಣೆ. ಮದ್ಲು ನಂಬ್ರ, ಆಮ್ಯಾಕೆ ರಕ್ತ. ಅದ್ರಲ್ ತಪ್ಪೇನಿತ್ತು ನೀನೇ ಯೋಳು,” ಎಂದಳು. ರಂಜಿತ ಚಪ್ಪಲಿ ಮೆಟ್ಟಿಕೊಂಡಳು.

ತೊಣ್ಣೂರಿಗೆ ಆಟೊ ಹಿಡಿದಳು. ಕೆರೆಯ ಏರಿಯ ಮೇಲೆ ಗಾಳಿ ಜೋರಾಗಿತ್ತು. ಊರಲ್ಲಿ ದ್ಯಾವಮ್ಮ ಎಂದು ಕೇಳಿದರೆ ಮೂರು ದ್ಯಾವಮ್ಮಂದಿರು ಹೊರಟರು. ಒಬ್ಬಳು ಬಾವಿ ಮನೆಯವಳು, ಒಬ್ಬಳು ತೀರಿಹೋಗಿದ್ದಳು. ಕಾಲು ಊದಿರುವವರು ಎಂದ ಮೇಲೆ ಒಬ್ಬ ಹುಡುಗಿ ಕೊನೇ ಬೀದಿಯ ಹೆಂಚಿನ ಮನೆ ತೋರಿಸಿದಳು. ಬಾಗಿಲಿಗೆ ಬೀಗ. ಪಕ್ಕದ ಜಗಲಿಯಲ್ಲಿ ಬೆಟ್ಟಮ್ಮ ಎಂಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು.

“ದ್ಯಾವಿ ಇಲ್ಲ. ಬುಧವಾರ್ವೇ ನಾಗಮಂಗ್ಲಕ್ಕೆ ಮಗಳ ಮನೆಗೆ ಓದ್ಲು. ನನ್ ಕಿಡ್ನಿಗೆ ಏನೂ ಆಗಿಲ್ಲ, ಲ್ಯಾಬಿನ್ ಹುಡ್ಗಿ ಯೋಳುದ್ಲು ಅಂತ ಊರೆಲ್ಲ ಸಾರ್ಕೊಂಡು ಓದ್ಲು. ನೀನ್ಯಾರವ್ವ?”

“ಅವ್ರ ಮಗಳ ಫೋನ್ ನಂಬರ್ ಅದಾ ಅಜ್ಜಿ?”

ಮುದುಕಿ ತನ್ನ ಜಗಲಿಯ ಗೋಡೆ ತೋರಿಸಿದಳು, ಅಲ್ಲಿ ಇದ್ದಿಲಲ್ಲಿ ಬರೆದಿತ್ತು. ರಂಜಿತ ಒತ್ತಿದಳು. ಐದಾರು ಸಲ ಬಡಿದ ಮೇಲೆ ಹೆಣ್ಣು ಧ್ವನಿ ಬಂತು. ಹಿಂದೆ ಕೂಸು ಅಳುತ್ತಿತ್ತು. ಅವಳು ದ್ಯಾವಮ್ಮನ ಮಗಳು ಯಶೋಧರಾ.

“ನಿಮ್ಮ ಅವ್ವ ಎಂಗವ್ರೆ ಅಕ್ಕ?”

“ಮಲಗವ್ಳೆ. ಎರಡು ದಿವ್ಸದಿಂದ ಏನ್ ತಿಂದ್ರೂ ಕಕ್ತಾವ್ಳೆ. ಮಾತ್ರೆ ಸ್ಯಾನೆ ತಗಂಡ್ಲು, ಅದುಕ್ಕೇ ಇರಬೇಕು. ನೀವ್ಯಾರು?”

“ಈಗ್ಲೇ ಮೈಸೂರ್ಗೆ ಕರ್ಕೊಂಡೋಗಿ ಅಕ್ಕ. ಈಗ್ಲೇ. ಆ ಮಾತ್ರೆ ಕೊಡ್ಬೇಡಿ. ಕಿಡ್ನಿ ಸರಿಯಿಲ್ಲ.”

“ಏನ್ರೀ ಇಂಗಂತೀರ? ಸರ್ಯಾಗದೆ ಅಂತ ರಿಪೋರ್ಟದೆ, ಇಲ್ಲೇ ದೇವ್ರ ಪಟದ ಹಿಂದೆ ಮಡಗವ್ಳೆ. ಮದ್ಲು ನೀವ್ಯಾರು ಅದ್ನ ಯೋಳಿ.”

ಬೆಟ್ಟಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದ್ದಳು. ಇಬ್ಬರು ಹೆಂಗಸರು ಬೀದಿಯಲ್ಲೇ ನಿಂತಿದ್ದರು. ರಂಜಿತ ಅವರ ಮುಖ ನೋಡಲಿಲ್ಲ. ಬೀಗ ಹಾಕಿದ ಬಾಗಿಲನ್ನೇ ನೋಡಿದಳು.

“ನಾನು ಆ ಬಿಲ್ಲು ಆಕಿದೋಳು ಅಕ್ಕ. ಸರ್ಯಾಗದೆ ಅಂತ ಯೋಳಿದೋಳೂ ನಾನೇ. ಅದು ನಿಮ್ಮವ್ವನ ರಿಪೋರ್ಟಲ್ಲ. ಬೇರೆಯೋರ್ದು. ಟ್ಯೂಬು ಅದ್ಲುಬದ್ಲಾಯ್ತು. ನಿಮ್ಮವ್ವನ್ದು ಸ್ಯಾನೆ ಕೆಟ್ಟೋಗದೆ. ಬಯ್ಯದಾದ್ರೆ ಆಮೇಲೆ ಬಯ್ಯಿ, ಈಗ ವೊರಡಿ.”

ಆ ಕಡೆ ಯಶೋಧರಾ “ಅವ್ವಾ” ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಆ ಸಂಜೆಯೇ ನಾಗಾರ್ಜುನ ವ್ಯವಸ್ಥೆಯನ್ನು ಬದಲಿಸಿದ. ಸೇವ್ ಆಗುವವರೆಗೂ ಮೂಲೆಯಲ್ಲಿ ನಂಬರೇ ಕಾಣದ ಹಾಗೆ ಮಾಡಿದ. ಅರ್ಧ ಗಂಟೆಯ ಕೆಲಸ, ಮೊದಲೇ ಹೇಳಿದ್ದರೆ ಮೊದಲೇ ಮಾಡುತ್ತಿದ್ದೆ ಎಂದನಂತೆ.

ಮಂಗಳವಾರ ರಂಜಿತ ಕೆಲಸಕ್ಕೆ ಹೋಗಲಿಲ್ಲ. ಯಾವ ಆಸ್ಪತ್ರೆ ಎಂದು ಬೆಟ್ಟಮ್ಮನ ಹತ್ತಿರ ವಿಚಾರಿಸಿಕೊಂಡು ಮೈಸೂರಿಗೆ ಹೋದಳು. ಯಾರೂ ಕರೆದಿರಲಿಲ್ಲ. ಎರಡನೇ ಮಹಡಿಯ ಓಣಿಯಲ್ಲಿ ಬಾಣಂತಿಯೊಬ್ಬಳು ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಸಿಮೆಂಟು ಬೆಂಚಿನ ಮೇಲೆ ಕೂತಿದ್ದಳು. ಹೆಸರು ಕೇಳಬೇಕಾಗಿರಲಿಲ್ಲ. ದ್ಯಾವಮ್ಮನದೇ ಹಣೆ, ದ್ಯಾವಮ್ಮನದೇ ಗಲ್ಲ.

“ನಾನು ಫೋನ್ ಮಾಡಿದೋಳು.”

ಯಶೋಧರಾ ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಎಂದು ರಂಜಿತ ನಿಂತೇ ಇದ್ದಳು. ಅವಳು ಬೈಯಲಿಲ್ಲ.

“ನಿಂಗೆ ಯಾವತ್ತು ಗೊತ್ತಾಯ್ತು?”

“ಶನಿವಾರ.”

“ಶನಿವಾರ ಒತ್ತಾರೆ ನಮ್ಮವ್ವ ಮಗೀಗೆ ನೀರಾಕುದ್ಲು. ನಂಗೂ ನೀರಾಕುದ್ಲು. ಎಲ್ಡು ಹಂಡೆ ಬಿಸ್ನೀರು ಒಬ್ಳೇ ಒತ್ತು ತಂದ್ಲು.” ಕೂಸಿನ ಕುಲಾವಿ ಸರಿಮಾಡಿದಳು. “ಕೂತ್ಕೋ. ನಿಂತ್ಕಂಡ್ರೆ ನನ್ ಕತ್ತು ನೋಯ್ತದೆ.”

ರಂಜಿತ ಬೆಂಚಿನ ತುದಿಗೆ ಕೂತಳು. ಒಳಗೆ ದ್ಯಾವಮ್ಮನಿಗೆ ಮಿಷನ್ನು ಹಾಕಿದ್ದರು. ರಕ್ತವನ್ನು ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುತ್ತಾರಂತೆ. ಯಶೋಧರಾಳ ಗಂಡ ಔಷಧಿ ತರಲು ಹೋಗಿದ್ದ. ನರ್ಸು ಬಂದು ಒಂದು ಕಾಗದ ಕೊಟ್ಟು ಹೋದಳು. ಯಶೋಧರಾ ಅದನ್ನು ಹಿಂದೆ ಮುಂದೆ ತಿರುಗಿಸಿದಳು, ಎಲ್ಲ ಇಂಗ್ಲಿಷು. ರಂಜಿತಳ ಕಡೆ ಚಾಚಿದಳು.

“ನೋಡು. ನಿಂಗೆ ಬತ್ತದಲ್ಲ.”

ಇಂಗ್ಲಿಷು ರಂಜಿತಳಿಗೂ ಅಷ್ಟಕ್ಕಷ್ಟೆ. ಆದರೆ ಆ ಒಂದು ಸಾಲು, ಅದರ ಮುಂದಿನ ಅಂಕಿ ಅವಳಿಗೆ ಗೊತ್ತಿತ್ತು. ಹನ್ನೊಂದು ಪಾಯಿಂಟ್ ಎರಡು. ಕೆಳಗೆ ವಾರಕ್ಕೆ ಎರಡು ಸಲ ಎಂದು ಡಾಕ್ಟರು ಬರೆದಿದ್ದರು, ಎಷ್ಟು ವಾರ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದರು.

“ಏನದೆ? ಚೆನ್ನಾಗದಾ?”

“ಚೆನ್ನಾಗಿಲ್ಲ ಅಕ್ಕ.”

“ಸರ್ಯಾಯ್ತದಾ?”

ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ರಂಜಿತ ಕಾಗದವನ್ನು ಮಡಚಿದಳು.

“ಜೀವಕ್ಕೆ ಏನೂ ಆಗ್ದೆ ಇರಬೋದು. ಕಿಡ್ನಿ ಇನ್ನು ವಾಪಸ್ ಬರಲ್ಲ ಅನ್ಸುತ್ತೆ. ವಾರಕ್ಕೆ ಎಲ್ಡು ಸಲ ಇಲ್ಲಿಗೆ ಬಂದು ರಕ್ತ ತೊಳೆಸ್ಬೇಕು. ಇರೋಗಂಟ.”

ಯಶೋಧರಾ ಗೋಡೆಗೆ ತಲೆ ಒರಗಿಸಿದಳು. ಲೆಕ್ಕ ಹಾಕುವವಳ ಹಾಗೆ ತುಟಿ ಅಲ್ಲಾಡುತ್ತಿತ್ತು. ನಾಗಮಂಗಲದಿಂದ ಪಾಂಡವಪುರ, ಪಾಂಡವಪುರದಿಂದ ಮೈಸೂರು, ಮತ್ತೆ ಅದೇ ದಾರಿ.

“ನಮ್ಮೆಜಮಾನ್ರು ಗಾರೆ ಕೆಲ್ಸ. ಒಂದಿನ ಬುಟ್ರೆ ಒಂದಿನದ್ ಕೂಲಿ ಇಲ್ಲ. ನನ್ ಕೈಲಿ ಇದು,” ಎಂದು ಕೂಸನ್ನು ನೋಡಿದಳು. “ವಾರಕ್ಕೆ ಎಲ್ಡು ಸಲ ಯಾರು ಕರ್ಕೊಂಡು ಬರಾದು?”

“ನಾನು ಬತ್ತೀನಿ ಅಕ್ಕ.”

ಈ ಮಾತು ಗಂಟಲಲ್ಲಿ ನಿಲ್ಲಲಿಲ್ಲ, ತಾನಾಗಿಯೇ ಬಂದುಬಿಟ್ಟಿತು. ಯಶೋಧರಾ ಅವಳನ್ನು ಬಹಳ ಹೊತ್ತು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟವರ ಕಣ್ಣು, ಅಷ್ಟೆ.

“ನೀನು ಬ್ಯಾಡ ಕಣವ್ವ,” ಎಂದಳು. “ನಿನ್ ಮಖ ನೋಡುದ್ರೆ ನಮ್ಮವ್ವ ಮತ್ತೆ ನಂಬ್ತಾಳೆ.”

ಕೈ ಚಾಚಿ ಕಾಗದ ಇಸಿದುಕೊಂಡು ಮಡಿಲಿನ ಕೆಳಗೆ ಇಟ್ಟುಕೊಂಡಳು. ಕೂಸು ಎದ್ದು ರಾಗ ತೆಗೆಯಿತು. ಸೆರಗು ಮರೆಮಾಡಿ ಹಾಲಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ರಂಜಿತ ಎದ್ದಳು. ಮೆಟ್ಟಿಲ ಹತ್ತಿರ ಔಷಧಿಯ ಚೀಲ ಹಿಡಿದು ಬಂದ ಗಂಡಸೊಬ್ಬ, ದಾರಿ ಬಿಡವ್ವ ಎಂದ. ಅವಳು ಗೋಡೆಗೆ ಒತ್ತಿ ನಿಂತು ಅವನಿಗೆ ದಾರಿ ಬಿಟ್ಟಳು.